ಕಲ್ಲಜ್ಜನ ಹೆಸರು

ಅಕ್ಷರಗಳ ಅಚ್ಚು ತೆಗೆಯಲು ಒದ್ದೆ ಕಾಗದವನ್ನು ವೀರಗಲ್ಲಿಗೆ ಒತ್ತಿ ಮೇಘನಾ ಬ್ರಷ್ಷಿನಿಂದ ತಟ್ಟತೊಡಗಿದಳು. ಶಿಕಾರಿಪುರದ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ಹುಡುಗಿ. ಆನವಟ್ಟಿ ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದು ಬಂದಿದ್ದಳು. ಹೂವಮ್ಮ ಸೆರಗಿನ ತುದಿ ಹಿಡಿದು ಪಕ್ಕದಲ್ಲೇ ಕಾದಳು.

ಕಲ್ಲಿನಲ್ಲಿ ಕತ್ತಿ ಹಿಡಿದು ನಿಂತವನೇ ಹೂವಮ್ಮನ ಗಂಡನ ಮನೆತನದ ಮೂಲಪುರುಷ. ಎಲ್ಲರ ಬಾಯಲ್ಲೂ ಕಲ್ಲಜ್ಜ. ದೀಪಾವಳಿಗೆ ಹಿರಿಯರಿಗೆ ಎಡೆ ಇಟ್ಟು ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆಯುವುದು ಆ ಮನೆಯ ಪದ್ಧತಿ. ಇವನಿಗೆ ಮಾತ್ರ ಹೆಸರೇ ಇಲ್ಲ. "ಹೆಸರಿಲ್ದೆ ಕರೆದ್ರೆ ಯಾರು ಬರ್ತಾರೆ? ಅಜ್ಜ ಉಪವಾಸನೇ ಹೋಗ್ತಾನೆ" ಎಂದು ಗಂಡ ಪ್ರತಿ ವರ್ಷ ಕೊರಗುತ್ತಿದ್ದ. ಯುಗಾದಿ ಕಳೆದ ಮೇಲೆ ಅವನೂ ಹೋದ. ಹೋಗುವ ಮುಂಚೆ, "ಹೆಂಗಾರ ಮಾಡಿ ಆ ಹೆಸರು ಓದ್ಸು" ಎಂದಿದ್ದ. ಈ ವರ್ಷದ ಎಡೆಗೆ ಇನ್ನು ಒಂದೇ ವಾರ ಉಳಿದಿತ್ತು.

"ಊರ ದನ ಹೊಡ್ಕೊಂಡು ಹೋದೋರ ಬೆನ್ನು ಹತ್ತಿ, ದನ ಬಿಡಿಸಿ ಸತ್ತ ಅಂತ ಇದೆ ಅಮ್ಮಾ" ಎಂದು ಮೇಘನಾ ಓದಿ ಹೇಳಿದಳು.

"ಹೆಸರು?"

ಮೇಘನಾ ಕಲ್ಲಿನ ನಡುವೆ ಅಕ್ಷರ ಕೆತ್ತಿದ್ದ ಪಟ್ಟಿಯ ಮೇಲೆ ಬೆರಳಾಡಿಸಿದಳು. "ಇಲ್ಲಿತ್ತು. ನುಣ್ಣಗಾಗಿಬಿಟ್ಟಿದೆ. ಮಳೆಗೆ ಸವೆದಿದ್ದಲ್ಲ, ಯಾರೋ ಚೆನ್ನಾಗಿ ಉಜ್ಜಿದಾರೆ."

ಹೂವಮ್ಮ ತನ್ನ ಅಂಗೈ ನೋಡಿಕೊಂಡಳು. ಯಾರೋ ಏನು ಬಂತು! ಮದುವೆಯಾಗಿ ಬಂದ ವರ್ಷ ಅತ್ತೆ ಇಟ್ಟಿಗೆ ಪುಡಿ, ತೆಂಗಿನ ನಾರು ಕೈಗಿತ್ತು, "ಅಜ್ಜನ ಮೈ ಫಳಫಳ ಹೊಳೀಬೇಕು ನೋಡು" ಎಂದಿದ್ದರು. ನಲವತ್ತೆರಡು ದೀಪಾವಳಿ, ಹಬ್ಬದ ಹಿಂದಿನ ದಿನ, ರಟ್ಟೆ ಸೋಲುವವರೆಗೆ ಉಜ್ಜಿದ್ದಳು. ಎಣ್ಣೆ ಜಿಡ್ಡು ಕೂರುವ ಆ ಪಟ್ಟಿಯನ್ನಂತೂ ಬಿಟ್ಟಿರಲೇ ಇಲ್ಲ. ಸೊಸೆ ಅಂದರೆ ಹೀಗಿರಬೇಕು ಎಂದು ಊರೇ ಹೊಗಳಿತ್ತು.

"ನಾನೇ ಮಗಾ" ಎಂದಳು.

"ನಿಮಗಿಂತ ಮುಂಚಿನೋರೂ ಉಜ್ಜಿರ್ತಾರೆ ಬಿಡಿ" ಎಂದಳು ಮೇಘನಾ. ಅದರಿಂದ ಹೂವಮ್ಮನ ಸಂಕಟವೇನೂ ಕಡಿಮೆಯಾಗಲಿಲ್ಲ. ಆ ಸಲ ಹಬ್ಬದ ಹಿಂದಿನ ದಿನ ಅವಳು ಕಲ್ಲನ್ನು ಉಜ್ಜದೆ ಬರೀ ನೀರು ಹಾಕಿ ಬಂದಳು.

ಹಬ್ಬದ ಮಧ್ಯಾಹ್ನ ಮಗ ರವಿ ಎಡೆಯ ಮುಂದೆ ಕೂತ. ಕಲ್ಲಜ್ಜನನ್ನು ಕಲ್ಲಜ್ಜ ಎಂದೇ ಕರೆದ. ಮುತ್ತಜ್ಜ ವೀರಬಸಪ್ಪನನ್ನು, ಅಜ್ಜ ಹನುಮಂತಪ್ಪನನ್ನು ಹೆಸರು ಹಿಡಿದು ಕರೆದ. ಕೊನೆಯ ಎಲೆ ಈ ವರ್ಷ ಹೊಸದು.

"ಅಪ್ಪಾ, ಬಾ."

"ಹೆಸರು ಹಿಡಿದು ಕರಿ" ಎಂದಳು ಹೂವಮ್ಮ.

"ಅಪ್ಪನ್ನ ಹೆಂಗವ್ವಾ ಹೆಸರು ಹಿಡಿಯೋದು?"

"ಕರೀದೆ ಇದ್ರೆ ಹೆಸರೇ ಅಳಿಸಿ ಹೋಗ್ತೈತೆ ಕಣೋ."

ರವಿ ತಲೆ ತಗ್ಗಿಸಿದ.

ಗಂಡನ ಹೆಸರು ಹೇಳಬಾರದೆಂದು ರೇಷನ್ ಅಂಗಡಿಯಲ್ಲೂ ಪಕ್ಕದವರ ಬಾಯಲ್ಲಿ ಹೇಳಿಸಿದವಳು ಹೂವಮ್ಮ. ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒರಟು ಕೈಗಳನ್ನು ಜೋಡಿಸಿದಳು.

"ಆನಂದಪ್ಪ" ಎಂದಳು. ಮತ್ತೆ, ತುಸು ಗಟ್ಟಿಯಾಗಿ, "ಆನಂದಪ್ಪ... ಉಣ್ಣಾಕೆ ಬರ್ರೀ."