ಈ ಬೆಳೆ ಮುಗೀಲಿ

ಜಂಗಮಕೋಟೆಯ ನಮ್ಮ ಬೀದಿಯಲ್ಲಿ ರೇಷ್ಮೆಹುಳ ಸಾಕುವುದರಲ್ಲಿ ಅಕ್ಕಯ್ಯಮ್ಮನನ್ನು ಮೀರಿಸುವವರಿಲ್ಲ. ಹುಳಕ್ಕೆ ರೋಗ ತಗುಲೀತೆಂದು ಹೊಸ್ತಿಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ. ಹೊರಗಿನವರ ನೆರಳೂ ಒಳಗೆ ಬೀಳುವಂತಿಲ್ಲ. ಮನೆಯವರೂ ಕಾಲು ತೊಳೆದೇ ಹೋಗಬೇಕು. ಹುಳಕ್ಕಿದ್ದ ಕಾವಲು ಮಗುವಿಗಿರಲಿಲ್ಲ, ಅಷ್ಟೇ.

ಅಕ್ಕಯ್ಯಮ್ಮನ ಮೊಮ್ಮಗಳು ಹರಿತಾಳಿಗೆ ಐದು ತುಂಬಿತ್ತು. ಗಂಟಲುಮಾರಿ ಬರದಂತೆ ಸೂಜಿ ಹಾಕಿಸಬೇಕೆಂದು ಆಶಾ ಕಾರ್ಯಕರ್ತೆ ಮಂಗಮ್ಮ ಗೇಟಿನ ಹೊರಗೆ ನಿಂತು ಕೂಗಿದಳು.

"ನಾನು ಒಳಕ್ ಬರಲ್ಲಮ್ಮ. ಮಗೂನ ಅಂಗನವಾಡಿಗೆ ಕಳ್ಸಿ, ಸಿಸ್ಟರ್ ಬಂದವ್ರೆ."

"ಸೂಜಿ ಹಾಕ್ಸಿದ್ರೆ ಜ್ವರ ಬರ್ತದೆ. ಅವರಮ್ಮ ಅದನ್ನ ತೊಡೆಮ್ಯಾಗೆ ಹಾಕ್ಕೊಂಡು ಕುಂತ್ರೆ ಹುಳಕ್ಕೆ ಸೊಪ್ಪು ಹಾಕೋರ್ ಯಾರು? ಈ ಬೆಳೆ ಮುಗೀಲಿ," ಅಂದಳು ಅಕ್ಕಯ್ಯಮ್ಮ ಹೊಸ್ತಿಲಲ್ಲೇ ನಿಂತು.

ಸೊಸೆ ಕವಿತ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಅಲ್ಲೇ ಇದ್ದಳು. ಅತ್ತೆಯ ಮುಖ ನೋಡಿದಳು, ಹೊರೆ ಸಮೇತ ಹುಳದ ಮನೆಗೆ ನಡೆದಳು. ಗಂಡ ರಮೇಶ್‌ಬಾಬು ಅಮ್ಮ ಹಾಕಿದ ಗೆರೆ ದಾಟುವವನಲ್ಲ.

ಬೆಳೆ ಮುಗಿಯಿತು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ಮನೆ ತೊಳೆದು ಔಷಧಿ ಹೊಡೆಯುವಷ್ಟರಲ್ಲಿ ಮುಂದಿನ ಬೆಳೆಯ ಮರಿಹುಳ ಬಂತು. ಮಂಗಮ್ಮ ಮತ್ತೆ ಬಂದಳು. ಮತ್ತೆ ಅದೇ ಮಾತು. ನಮ್ಮೂರಲ್ಲಿ ಹುಳವಿಲ್ಲದ ದಿನ ಎಲ್ಲಿಂದ ಬರಬೇಕು?

ಹರಿತಾಳಿಗೆ ಗಂಟಲುನೋವು ಶುರುವಾದಾಗ ಅಕ್ಕಯ್ಯಮ್ಮ ಮೆಣಸಿನ ಕಷಾಯ ಕುಡಿಸಿದಳು. ಸುಳ್ಳು ಹೇಳಬಾರದು, ಮೊಮ್ಮಗಳೆಂದರೆ ಅವಳಿಗೆ ಪ್ರಾಣ. ಆದರೆ ಕತ್ತು ಊದಿತು, ಸ್ವರ ಕಟ್ಟಿತು, ಗಂಟಲೊಳಗೆ ಬೂದು ಬಣ್ಣದ ಪೊರೆ ಬೆಳೆಯಿತು. ಚಿಕ್ಕಬಳ್ಳಾಪುರದ ಡಾಕ್ಟರು ನೋಡಿದ ಕೂಡಲೇ ಬೆಂಗಳೂರಿಗೆ ಕಳುಹಿಸಿದರು. ದಾರಿಯುದ್ದಕ್ಕೂ ಅಮ್ಮಾ ಎನ್ನಲು ಮಗುವಿನ ತುಟಿ ಅಲ್ಲಾಡುತ್ತಿತ್ತಂತೆ, ಸದ್ದು ಬರುತ್ತಿರಲಿಲ್ಲವಂತೆ. ದೇವನಹಳ್ಳಿ ದಾಟುವ ಮುಂಚೆ ಅದೂ ನಿಂತಿತು.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದರು ಸಾವಿಗೆ ಬಂದ ನೆಂಟರು. ಆ ಗಾದೆ ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವತ್ತೇ ಹುಳ ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದಿತ್ತು. ಹುಳ ಯಾರ ಸಾವಿಗೂ ಕಾಯುವುದಿಲ್ಲ. ಅಕ್ಕಪಕ್ಕದವರೇ ಸೇರಿ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ತಟ್ಟೆಗಳಿಗೆ ಬಿಟ್ಟೆವು. ಬೆಳೆ ಚೆನ್ನಾಗಿ ಬಂತು.

ಆ ವಾರವೇ ಆರೋಗ್ಯ ಇಲಾಖೆಯವರು ಬೀದಿಯ ಮಕ್ಕಳಿಗೆಲ್ಲ ಸೂಜಿ ಹಾಕಲು ಬಂದರು. ಕವಿತ ಯಾರನ್ನೂ ಕೇಳದೆ ಹರಿತಾಳ ತಮ್ಮನನ್ನು, ಇನ್ನೂ ಕೈಗೂಸು, ಎತ್ತಿಕೊಂಡು ಬಂದು ಸಿಸ್ಟರ್ ಮುಂದೆ ಕೂತಳು. ಸೂಜಿ ಚುಚ್ಚಿದ್ದೇ ತಡ, ಕೂಸು ಬೀದಿಗೆಲ್ಲ ಕೇಳುವಂತೆ ಕಿರುಚಿಕೊಂಡಿತು. ಅಕ್ಕಯ್ಯಮ್ಮ ಓಡಿಬಂದು ಕೈ ಚಾಚಿದಳು.

"ಕೊಡೇ ಇತ್ಲಾಗೆ, ಹೆಂಗ್ ಅಳ್ತದೆ ನೋಡು."

ಕವಿತ ಕೊಡಲಿಲ್ಲ.

"ಅಳ್ಲಿ ಬಿಡಿ ಅತ್ತೆ. ಇವನಿಗೆ ಅಳಕ್ಕೆ ಗಂಟಲಾದ್ರೂ ಐತೆ."