ಒಲೆಯಿಲ್ಲದ ಲೆಕ್ಕ

ಜಬೀನಳ ಹೊಸ ಮನೆಯ ಲೆಕ್ಕದಿಂದ ಮೊದಲು ಹೊರಬಿದ್ದದ್ದು ರೊಟ್ಟಿ ಹಂಚು. ಹೊರಹಾಕಿದವಳು ಅತ್ತೆ ಕಾಶೀಂಬಿ. ಅದೂ ಎಂಥ ಅಕ್ಕರೆಯಿಂದ ಅಂದರೆ, ಎದುರಾಡಿದವರೇ ಕೆಟ್ಟವರಾಗಬೇಕು.

“ಹಂಚ್ಯಾಕವಾ ನಿಮಗ? ದಿನಾ ಬೆಳಗಾದ್ರ ನಾ ಹೆಂಗೂ ರೊಟ್ಟಿ ಬಡೀತೀನಿ. ಅದರಾಗ ನಿಮ್ಮಿಬ್ಬರಿಗೆ ನಾಕ ಹೆಚ್ಚಿಗಿ ಬಡದ್ರ ನನ್ನ ಕೈ ಮುರದ ಬೀಳ್ತಾವೇನು?”

ಜಬೀನಳ ಗಂಡ ತೌಸೀಫ ಮೊಬೈಲಿನ ಲೆಕ್ಕದಲ್ಲಿ ಹಂಚಿನ ದುಡ್ಡು ಕಳೆದ. ಅವನ ಮುಖ ಅರಳಿತು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರಿನ ಬಣ್ಣದ ಅಂಗಡಿಯಲ್ಲಿ ಲೆಕ್ಕ ನೋಡುವವನು ಅವನು. ದಿನವಿಡೀ ಸಾಹುಕಾರನ ದುಡ್ಡು ಕೂಡಿಸಿ ಕೂಡಿಸಿ ಬೇಸತ್ತವನಿಗೆ ಸ್ವಂತ ಖರ್ಚು ಕಳೆಯುವುದೆಂದರೆ ಹಬ್ಬ. ಹೆಂಡತಿಯ ಮುಖದ ಕಡೆ ನೋಡಬೇಕೆಂದು ಆ ಹಬ್ಬದಲ್ಲಿ ಅವನಿಗೆ ಹೊಳೆಯಲಿಲ್ಲ.

ಬೇರೆ ಮನೆ ಮಾಡುವ ಮಾತು ಸುಮ್ಮನೆ ಎದ್ದದ್ದಲ್ಲ. ಇದ್ದದ್ದು ಎರಡು ಕೋಣೆ, ಮತ್ತೊಂದು ಮಗ್ಗದ ಕೋಣೆ. ಒಂದರಲ್ಲಿ ಮಾವ ಯಮನೂರಸಾಬ ಮತ್ತು ಕಾಶೀಂಬಿ, ಇನ್ನೊಂದರಲ್ಲಿ ಭಾವ ರಫೀಕ, ಅವನ ಹೆಂಡತಿ ಗುಲ್ಷನ, ಅವರ ಮೂರು ಮಕ್ಕಳು. ಹೊಸ ಮದುಮಕ್ಕಳಿಗೆ ಉಳಿದದ್ದು ಮಗ್ಗದ ಪಕ್ಕದ ಜಾಗ. ಯಮನೂರಸಾಬ ನಸುಕಿನ ನಮಾಜು ಮುಗಿಸಿ ನೇರ ಮಗ್ಗಕ್ಕೆ ಬರುವ ಮನುಷ್ಯ. ಮರ್ಯಾದಸ್ಥ. ಹೇಳದೆ ಕೇಳದೆ ಒಳಗೆ ಬರುವವನಲ್ಲ, ಬಾಗಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಾನೆ. ಆ ಕೆಮ್ಮು ಕೇಳಿದ ಕೂಡಲೇ ಗಂಡ ಹೆಂಡತಿ ಹಾಸಿಗೆ ಸುತ್ತಿಟ್ಟು ಎದ್ದು ಹೊರಬರಬೇಕು. ಮದುವೆಯಾದ ಈ ಮೂರು ತಿಂಗಳಲ್ಲಿ ಜಬೀನ ಗಂಡನೊಂದಿಗೆ ಶುರುಮಾಡಿದ ಮಾತುಗಳೆಷ್ಟೋ. ಪೂರ್ತಿ ಆಡಿ ಮುಗಿಸಿದ್ದು ಒಂದೂ ಇಲ್ಲ.

ಎರಡು ಓಣಿ ಆಚೆ ಬಾಳವ್ವನ ಹಿತ್ತಲ ಮನೆ ಖಾಲಿಯಾದದ್ದು ಆಗಲೇ. ಗಂಡನ ಜೊತೆ ಅದನ್ನು ನೋಡಲು ಹೋದ ದಿನ ಜಬೀನ ಗೋಡೆ ನೋಡಲಿಲ್ಲ, ಮಲಗುವ ಕೋಣೆ ನೋಡಲಿಲ್ಲ. ಸೀದಾ ಅಡುಗೆ ಮನೆಗೆ ಹೋಗಿ ಅಲ್ಲೇ ನಿಂತುಬಿಟ್ಟಳು. ಕರಿ ಕಡಪಾ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಕಿಟಕಿ, ಕಿಟಕಿಯ ಆಚೆ ಕೋಟೆ ಗುಡ್ಡ. ಒಲೆ ಇಡುವ ಜಾಗವನ್ನು ಗೇಣು ಹಾಕಿ ಅಳೆದಳು. ಇಲ್ಲಿ ನಿಂತು ಚಹಾ ಕಾಸಿದರೆ ಎದುರಿಗೆ ಗುಡ್ಡ ಕಾಣುತ್ತದೆ, ಹಿಂದೆ ನಿಂತು ಯಾರೂ ಸಕ್ಕರೆ ಎಷ್ಟು ಹಾಕಿದೆ ಎಂದು ಕೇಳುವುದಿಲ್ಲ ಅಂದುಕೊಂಡಳು. ತವರು ನರಗುಂದ ಬಿಟ್ಟು ಬಂದ ಮೇಲೆ ಅವಳಿಗೆ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು.

ಬಾಳವ್ವ ಶರಣರ ಪೈಕಿ, ಮಾಂಸ ಮುಟ್ಟದ ಒಬ್ಬಂಟಿ ಹೆಂಗಸು. ಕಟ್ಟುನಿಟ್ಟಿನವಳೆಂದು ಓಣಿಯಲ್ಲಿ ಹೆಸರು. ಆದ್ದರಿಂದ ಜಬೀನ ಮುಚ್ಚುಮರೆಯಿಲ್ಲದೆ ಕೇಳಿಯೇ ಬಿಟ್ಟಿದ್ದಳು.

“ಬಾಳವ್ವಾರ, ನಾವು ಎಲ್ಲಾ ಅಡಗಿ ಮಾಡಾವ್ರ್ರಿ. ಆಮ್ಯಾಲೆ ಮಾತು ಬರಬಾರದು ನೋಡ್ರಿ.”

ಬಾಳವ್ವ ಹೊತ್ತು ತೆಗೆದುಕೊಂಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದಳು. “ಸೋಮವಾರ ಒಂದ ದಿನ ಬಿಟ್ಟಬಿಡು ತಂಗಿ. ಉಳದ ದಿನ ಕಿಡಕಿ ತಗದ ಏನರ ಮಾಡ್ಕೋ. ಮೊದಲ ಕೇಳಿದಿ, ಚಲೋ ಮಾಡಿದಿ” ಅಂದಿದ್ದಳು.

ಹೀಗೆ ಗೆದ್ದುಕೊಂಡು ಬಂದ ಒಲೆ ಅದು.

ಹಂಚಿನ ಬೆನ್ನಿಗೆ ಮಿಕ್ಸರ್ ಹೋಯಿತು. ಒರಳು ಇಲ್ಲೇ ಇದೆಯಲ್ಲ, ಖಾರ ಅರೆದು ಡಬ್ಬಿಯಲ್ಲಿ ಕೊಡುತ್ತೇನೆ ಅಂದಳು ಕಾಶೀಂಬಿ. ನೀರಿನ ಬ್ಯಾರಲ್ ಹೋಯಿತು. ಗುಂಡಿ, ಪರಾತ, ಚರಿಗೆ ಅಂತ ಪಾತ್ರೆಗಳು ಒಂದೊಂದೇ ಹೋದವು. ಪ್ರತಿಯೊಂದಕ್ಕೂ ಯಮನೂರಸಾಬ “ಭೇಷ್” ಅನ್ನುತ್ತಿದ್ದ, ತೌಸೀಫ ಬೆರಳಾಡಿಸುತ್ತಿದ್ದ. ಕೊನೆಗೆ ಕಾಶೀಂಬಿಯ ಕೈ ಒಲೆಗೇ ಬಂತು.

“ಉಣ್ಣೂದು ಇಲ್ಲೇ ಅಂದಮ್ಯಾಲೆ ಒಲಿ ಯಾಕ ಬೇಕ? ಒಲಿಗೆ ರೊಕ್ಕ, ಸಿಲಿಂಡರಿಗೆ ರೊಕ್ಕ. ಸುಮ್ಮ ದಂಡ.”

ಜಬೀನ ತಡೆಯಲು ಬಾಯಿ ಹಾಕಿದಳು. “ಅಮ್ಮಿ, ಚಾ ಕಾಸಾಕರ ಒಂದ ಒಲಿ ಬೇಕಲ್ರಿ” ಅಂದಳು.

“ಚಾಕ್ಕ ಥರ್ಮಾಸ್ ಐತೆಲ್ಲ! ನಿನ್ನ ಮದವ್ಯಾಗ ಬಂದದ್ದು, ಇನ್ನಾ ಡಬ್ಬಿ ಬಿಚ್ಚಿಲ್ಲ. ತುಂಬಿ ಕೊಡ್ತೀನಿ, ಸಂಜಿತನಾ ಬಿಸಿ ಇರ್ತದ.”

ಎಲ್ಲರೂ ನಕ್ಕರು. ತೌಸೀಫನೂ ನಕ್ಕ. ಜಬೀನಳಿಗೆ ಮೈಯೆಲ್ಲ ಉರಿಯಿತು. ಈ ಜನ ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಕಸಿದುಕೊಂಡಿದ್ದರೆ ಹಿಡಿದೆಳೆಯಬಹುದಿತ್ತು. ಇವರು ಉಳಿಸುತ್ತಿದ್ದಾರೆ. ಉಳಿಸುವವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಕಾಶೀಂಬಿಯ ಹೊಟ್ಟೆಯಲ್ಲಿದ್ದದ್ದು ಆಮೇಲೆ ಹೊರಬಂತು. “ಮದವ್ಯಾಗಿ ನಾಕ ತಿಂಗಳಾಗಿಲ್ಲ, ಮಗಾ ಬ್ಯಾರೆ ಒಲಿ ಹೂಡಿದಾ ಅಂತ ನಾಳೆ ಓಣಿ ಮಂದಿ ನನ್ನ ಮಾರಿಗೆ ಅಂತಾರ. ಮಲಗಾಕ ಜಾಗಾ ಇಲ್ಲ, ಅದಕ್ಕ ಹೋಗ್ಯಾರ ಅಂತ ನಾ ಹೇಳ್ಬೇಕಲ್ಲ” ಅಂದಳು. ಪಾಪ, ಅವಳ ಭಯ ಸುಳ್ಳಲ್ಲ. ಆದರೆ ಅವಳ ಭಯಕ್ಕೆ ಜಬೀನಳ ಅಡುಗೆಮನೆ ಬಲಿಯಾಗಬೇಕೆಂದು ಎಲ್ಲಿದೆ?

“ಒಂಬತ್ತು ಸಾವಿರ ಉಳೀತು!” ಅಂದ ತೌಸೀಫ, ತಾನು ಕೂಡಿಟ್ಟಿದ್ದ ಹಣದಲ್ಲಿ. ಅದು ಬಾಯಿಂದ ಬೀಳುವುದನ್ನೇ ಕಾಯುತ್ತಿದ್ದವನಂತೆ ರಫೀಕ ಗೋಡೆ ಬಿಟ್ಟು ಮುಂದೆ ಸರಿದು ಕೂತ. ಅವನದು ರೋಣ ರಸ್ತೆಯಲ್ಲಿ ಓಡಾಡುವ ಮೂರು ಗಾಲಿಯ ಟಂಟಂ.

“ಹಂಗಾದ್ರ ನನ್ನ ಗಾಡಿಗೆ ಟೈರ್ ಹಾಕಸ್ತೀನಿ ತಮ್ಮಾ. ಹಿಂದಿನವು ಎರಡೂ ಬೋಳ ಆಗ್ಯಾವು. ಮುಂದಿನ ತಿಂಗಳ ಕೊಡ್ತೀನಿ, ಖರೇ.”

ಅಲ್ಲಿಗೆ ಒಲೆ ಎರಡು ಟೈರಾಗಿ ಹೋಯಿತು. ಜಬೀನ ಗಂಡನ ಕಡೆ ಕಣ್ಣು ಬಿಟ್ಟಳು. ಅವನು ಅಣ್ಣನ ಕಡೆ ನೋಡಿ “ಆತು” ಅಂದುಬಿಟ್ಟ.

“ಅಡ್ವಾನ್ಸ್ ಇಪ್ಪತ್ತ ಸಾವಿರಕ್ಕ ಹ್ಯಾಂಗ?” ಯಮನೂರಸಾಬ ಕೇಳಿದ.

“ಅದಕ್ಕ ಮಹರ್ ಐತೆಲ್ಲ” ಅಂದಳು ಕಾಶೀಂಬಿ, ಹಿತ್ತಲಲ್ಲಿ ಕಟ್ಟಿಗೆ ಇದೆಯಲ್ಲ ಅಂದಷ್ಟು ಸಲೀಸಾಗಿ.

ನಿಕಾಹದ ದಿನ ಹತ್ತು ಜನರ ಮುಂದೆ ತೌಸೀಫ ಎಣಿಸಿ ಕೊಟ್ಟ ಇಪ್ಪತ್ತೊಂದು ಸಾವಿರ ಅದು. ಮದುಮಗಳ ಹಕ್ಕಿನ ಹಣ, ಬೇರೆಯವರು ಮುಟ್ಟುವಂತಿಲ್ಲ. ಉದ್ರಿ ಇಡದೆ ನಗದು ಕೊಟ್ಟೆವೆಂದು ಇದೇ ಕಾಶೀಂಬಿ ನರಗುಂದದ ಬೀಗರ ಮುಂದೆ ಎದೆ ಉಬ್ಬಿಸಿದ್ದಳು. ಜಬೀನ ಅದನ್ನು ಟ್ರಂಕಿನ ತಳದಲ್ಲಿಟ್ಟಿದ್ದಳು. ಬೀಳ್ಕೊಡುವಾಗ ತಾಯಿ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: ಕೇಳಿದರೆ ಪ್ರೀತಿಯಿಂದ ಕೊಡು, ಕೇಳದೆ ಕೈ ಹಾಕಿದರೆ ಬಿಡಬೇಡ. ಈಗ ಕೂತವರೆಲ್ಲ ತಲೆಯಾಡಿಸಿದರು. ಅವಳನ್ನು ಒಬ್ಬರೂ ಕೇಳಲಿಲ್ಲ.

ಬಚ್ಚಲಲ್ಲಿ ಪಾತ್ರೆ ತಿಕ್ಕುವಾಗ ಗುಲ್ಷನ ತಲೆ ಎತ್ತದೆ ಹೇಳಿದಳು: “ನಾನೂ ಬ್ಯಾರೆ ಒಲಿ ಬೇಕಂದಿದ್ದೆ. ಆಗ ನನ್ನ ಹಿರೀ ಮಗಾ ಇನ್ನಾ ಹೊಟ್ಟ್ಯಾಗಿದ್ದ.”

“ಮತ್ತೇನಾತ ಭಾಬಿ?”

“ಏನಾಗ್ತೈತಿ? ಅವ ಈಗ ಸಾಲ್ಯಾಗ ಮೂರನೇತ್ತ ಅದಾನ” ಅಂದು ಗುಲ್ಷನ ಬೂದಿ ಹಚ್ಚಿದ ಬೋಗುಣಿಯನ್ನು ಮತ್ತೊಮ್ಮೆ ತಿಕ್ಕಿದಳು.

ಮರುದಿನ ನಸುಕಿಗೆ ಜಬೀನ ಗಂಡನನ್ನು ಅಲುಗಾಡಿಸಿ ಎಬ್ಬಿಸಿದಳು.

“ಮಹರ್ ರೊಕ್ಕ ಅಡ್ವಾನ್ಸಿಗೆ ಅಂತ ಠರಾಸಿದ್ರೆಲ್ಲ, ಕೇಳಿದ್ರೇನು?”

“ಯಾರನ್ನ?” ತೌಸೀಫ ಕಣ್ಣುಜ್ಜುತ್ತ ಅಂದ.

“ಯಾರನ್ನ ಅಂತೀರಲ್ಲ! ನನ್ನ.”

“ಮನಿ ನಮ್ಮಿಬ್ಬರದೂ ಅಲ್ಲೇನ ಹುಚ್ಚಿ? ಅದಕ್ಕ ಕೇಳೂದೇನ ಬಂತು?”

“ಇಬ್ಬರದೂ ಅಂದ್ರ ಒಲಿನೂ ಇಬ್ಬರದೂ ಬೇಕು. ನಾ ಬಾಳವ್ವಾರ ಕಡೆ ಮಾತಾಡಿ ಬಂದದ್ದು ಯಾತಕ್ಕ? ಥರ್ಮಾಸ್ ಇಡಾಕೇನು? ನೋಡ್ರಿ, ನನಗ...”

ಹೊರಗೆ ಕೆಮ್ಮು ಕೇಳಿಸಿತು. ತೌಸೀಫ ದಡಬಡಿಸಿ ಎದ್ದು ಹಾಸಿಗೆ ಸುತ್ತಿದ. ಜಬೀನಳ ಮಾತು ಅರ್ಧಕ್ಕೇ ನಿಂತಿತು. ಜಗಳವಾಡುವುದಕ್ಕೂ ಒಂದು ಜಾಗ ಬೇಕಲ್ಲ, ಅದೂ ಇಲ್ಲದೆ ಹೋಯಿತೇ ಎಂದು ಅವಳಿಗೆ ಅಳು ಬಂತು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅಡ್ವಾನ್ಸ್ ಕೊಡಲು ಹೊರಟರು. ಅತ್ತೆ, ಮಾವ, ಗಂಡ, ಹಿಂದೆ ಜಬೀನ. ಹಣ ಅವಳ ಪರ್ಸಿನಲ್ಲಿತ್ತು. ದಾರಿಯುದ್ದಕ್ಕೂ ಅವಳೊಂದು ಸಮಾಧಾನ ಹೇಳಿಕೊಂಡಳು. ಮನೆಯಂತೂ ಕೈಗೆ ಬರಲಿ, ಕಟ್ಟೆಯಂತೂ ಅಲ್ಲೇ ಇರುತ್ತದೆ. ನಾಲ್ಕು ತಿಂಗಳು ಥರ್ಮಾಸ್ ಹೊತ್ತರಾಯಿತು, ಐದನೇ ತಿಂಗಳು ಒಲೆ ತಂದಿಟ್ಟರೆ ಯಾರು ಏನು ಮಾಡುತ್ತಾರೆ? ಇಷ್ಟು ಅಂದುಕೊಂಡ ಮೇಲೆ ಮನಸ್ಸು ಸ್ವಲ್ಪ ಹಗುರಾಯಿತು.

ಬಾಳವ್ವ ಮನೆಮುಂದಿನ ಕಟ್ಟೆಯ ಮೇಲೆ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿದಳು. ನೀರು ಕೊಟ್ಟಳು. ಮಾತಿಗೆ ಮಾತು ಬಂದು, “ಸೋಮವಾರದ್ದೊಂದು ನೆನಪಿರ್ಲಿ ತಂಗಿ” ಅಂದಳು.

ಜಬೀನ ಬಾಯಿ ತೆರೆಯುವ ಮೊದಲೇ ಕಾಶೀಂಬಿ ಕೈಯೆತ್ತಿದಳು. “ಆ ಚಿಂತೀನ ಬ್ಯಾಡ್ರಿ ಬಾಳವ್ವಾರ. ಸೋಮವಾರ ಅಷ್ಟ ಅಲ್ಲ, ನಿಮ್ಮ ಮನ್ಯಾಗ ಇವರು ಒಲೀನ ಹಚ್ಚಂಗಿಲ್ಲ. ಊಟ, ಚಾ ಎಲ್ಲಾ ನಮ್ಮಲ್ಲೇ. ಇಲ್ಲಿ ಬರೇ ಮಲಗಾಕ.”

“ಹೌದೇನು?” ಬಾಳವ್ವನ ಮುಖ ಊರಗಲ ಆಯಿತು. “ಅಯ್ಯ, ಇದು ಭಾಳ ಚಲೋ ಆತಲ್ರಿ! ಗ್ವಾಡಿಗೆ ಹೊಗಿ ಹಿಡಿಯಂಗಿಲ್ಲ, ವಾಸನಿ ಇಲ್ಲ. ಖರೇ ಹೇಳ್ತೀನಿ, ಮನಸ್ಸಿನ್ಯಾಗ ನನಗ ಒಂಚೂರು ಕಸಿವಿಸಿ ಇತ್ತು. ಹಂಗಾದ್ರ ಬಾಡಿಗ್ಯಾಗ ಮುನ್ನೂರ ಬಿಡ್ತೀನಿ. ಆದ್ರ ಮಾತಂದ್ರ ಮಾತು, ಮುಂದ ಒಲಿಗಿಲಿ ತಂದ್ರಿ ಅಂದ್ರ ಮನಿ ಬಿಡಬೇಕಾಗ್ತದ.”

“ಯಾಕ ತರ್ತಾರ್ರಿ?” ಅಂದಳು ಕಾಶೀಂಬಿ. ಯಮನೂರಸಾಬ “ಭೇಷ್” ಅಂದ. ತೌಸೀಫ, ಆ ತೌಸೀಫ, ಜೇಬಿನಿಂದ ಮೊಬೈಲ್ ತೆಗೆದು ಮುನ್ನೂರನ್ನು ಹನ್ನೆರಡರಿಂದ ಗುಣಿಸಿದ.

ಜಬೀನ ಪರ್ಸನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಾಯಿಬಿಟ್ಟು ಕೇಳಿ, ಎಲ್ಲವನ್ನೂ ಹೇಳಿ, ತಾನು ಪಡೆದುಕೊಂಡು ಬಂದ ಒಲೆಯನ್ನು ಮುನ್ನೂರು ರೂಪಾಯಿಗೆ ಮಾರಿಬಿಟ್ಟರಲ್ಲ. ಮಾರಿದವರಿಗೆ ಮಾರಿದ್ದು ಸಹ ಗೊತ್ತಾಗಲಿಲ್ಲವಲ್ಲ. ನಾಲ್ವರ ಕಣ್ಣೂ ಈಗ ಅವಳ ಪರ್ಸಿನ ಮೇಲಿತ್ತು.

“ತಗಿಯವಾ, ತಗಿ. ಟೈಮ್ ಆಕ್ಕೈತಿ” ಅಂದಳು ಕಾಶೀಂಬಿ.

ಜಬೀನ ಪರ್ಸಿನ ಬಾಯಿ ತೆರೆದಳು. ಹಣ ನೋಡಿದಳು. ಮತ್ತೆ ಮುಚ್ಚಿದಳು.

“ಬಾಳವ್ವಾರ, ನನಗ ಈ ಮನಿ ಬ್ಯಾಡ್ರಿ. ನೀವು ಅವತ್ತ ಭಾಳ ಚಲೋ ಮಾತಾಡಿದ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ.”

ಹೇಳಿ ಚಪ್ಪಲಿ ಮೆಟ್ಟಿ ಓಣಿಗೆ ಇಳಿದೇಬಿಟ್ಟಳು. ತೌಸೀಫ ಹಿಂದೆ ಓಡಿ ಬಂದ. “ತಲಿ ಕೆಟ್ಟೈತೇನ ನಿನಗ? ಅಂಥಾ ಮನಿ ಮತ್ತ ಎಲ್ಲಿ ಸಿಗ್ತೈತಿ?” ಅನ್ನುತ್ತ ಪಾತ್ರೆ ಅಂಗಡಿಯವರೆಗೂ ಬಂದ. ಅವಳು ತಿರುಗಿ ನೋಡಲಿಲ್ಲ. ಅಂಗಡಿಯಲ್ಲಿ ಎರಡು ಬರ್ನರಿನ ಒಲೆಯೊಂದನ್ನು ಇಳಿಸಲು ಹೇಳಿ, ಗಾಜಿನ ಮೇಲ್ಮೈಗೆ ಗೇಣು ಹಾಕಿದಳು. ಬಾಳವ್ವನ ಕಟ್ಟೆಗೆ ಹೇಳಿ ಮಾಡಿಸಿದಂತಿತ್ತು. ಆ ಕಟ್ಟೆ, ಆ ಕಿಟಕಿ, ಆ ಗುಡ್ಡ ಇನ್ನು ಸಿಗುವುದಿಲ್ಲ. ಆದರೂ ಹಣ ಎಣಿಸಿ ಕೊಟ್ಟಳು.

ಅಂದು ಸಂಜೆ ಒಲೆ ಮಗ್ಗದ ಕೋಣೆಯಲ್ಲಿ, ಟ್ರಂಕಿನ ಮೇಲೆ ಕೂತಿತ್ತು. ಸಿಲಿಂಡರಿಲ್ಲ, ಹಚ್ಚುವ ಜಾಗವೂ ಇಲ್ಲ. ಮಕ್ಕಳು ಬಂದು ಗುಂಡಿ ತಿರುವಿ ಟಿಕ್ ಟಿಕ್ ಅನ್ನಿಸಿ ಹೋದವು. ಕಾಶೀಂಬಿ ಸೆರಗಿನಿಂದ ಕಣ್ಣೊರೆಸಿಕೊಂಡು, “ನಾ ಏನ ತಪ್ಪ ಮಾಡ್ದೆ? ಇವರಿಗೆ ಉಳೀಲಿ ಅಂತ ಮಾಡಿದ್ನೆಲ್ಲ” ಅಂದಳು. ಜಬೀನಳಿಗೆ ಕೆಟ್ಟದ್ದೆನಿಸಿತು. ಹೋಗಿ ಅತ್ತೆಯ ಪಕ್ಕ ಕೂತು ಅವಳ ಜೊತೆ ಮೆಂತೆ ಸೊಪ್ಪು ಬಿಡಿಸಿದಳು. ಕ್ಷಮೆ ಮಾತ್ರ ಕೇಳಲಿಲ್ಲ.

ಮರುದಿನ ನಸುಕಿಗೆ ಅವಳಿಗೆ ಎಚ್ಚರವಾದಾಗ ತೌಸೀಫ ಆಗಲೇ ಎದ್ದು ಕೂತಿದ್ದ. ಮೊಬೈಲ್ ಕೈಯಲ್ಲಿರಲಿಲ್ಲ. ಒಲೆಯನ್ನೇ ನೋಡುತ್ತಿದ್ದ.

“ಒಂದ ಮಾತ ಕೇಳ್ಲೇನು?” ಅಂದ.

“ಕೇಳ್ರಿ.”

“ಅಣ್ಣಗ ಟೈರಿನ ರೊಕ್ಕ ಇನ್ನಾ ಕೊಟ್ಟಿಲ್ಲ, ಕೊಡಂಗಿಲ್ಲ ಅಂತ ಹೇಳ್ತೀನಿ. ಒಲಿ ಇಡಾಕ ಬರೂವಂಥಾ ಮನಿ ಹುಡುಕ್ತೀನಿ. ಸಿಕ್ಕ ಮ್ಯಾಲೆ, ನಿನ್ನ ಮಹರಿನ್ಯಾಗ ಉಳದದ್ದು...” ಅವನು ತಡವರಿಸಿದ. “ನೀ ಕೊಟ್ರ ಅಷ್ಟ. ಕೊಡ್ತೀಯೇನು?”

ಜಬೀನ ಎದ್ದು ಕೂತಳು. ಹೇಳಬೇಕಾದದ್ದು ಬಹಳವಿತ್ತು. ಥರ್ಮಾಸಿನ ಮಾತಿಗೆ ನಕ್ಕದ್ದು, ಮುನ್ನೂರನ್ನು ಹನ್ನೆರಡರಿಂದ ಗುಣಿಸಿದ್ದು, ಇನ್ನೂ ಏನೇನೋ. ಎಲ್ಲವನ್ನೂ ಹೇಳಿ ಆಮೇಲೆ ಹೂಂ ಅನ್ನಬೇಕೆಂದು ಅವಳು ಬಾಯಿ ತೆರೆದಳು.

ಹೊರಗೆ ಯಮನೂರಸಾಬ ಕೆಮ್ಮಿದ.

ತೌಸೀಫನ ಕೈ ತಾನಾಗಿ ಹಾಸಿಗೆಯ ಅಂಚಿಗೆ ಹೋಯಿತು. ಜಬೀನ ಆ ಕೈ ಹಿಡಿದು ನಿಲ್ಲಿಸಿದಳು. ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ತಿರುಗಿ, ಮನೆಯೆಲ್ಲ ಕೇಳುವಂತೆ ಅಂದಳು:

“ಅಬ್ಬಾಜಾನ್, ಒಂಚೂರು ತಡೀರಿ. ನಮ್ಮ ಮಾತ ಇನ್ನಾ ಮುಗದಿಲ್ಲ.”