ಸ್ವಾತಿ ಆದಮೇಲೆ

"ಹಸ್ತ, ಚಿತ್ತಾ, ಸ್ವಾತಿ," ಅಂದ ತೇಜಸ್ವಿ. ಉಸಿರು ಕೂಡ ತಗೊಳ್ಳದೆ ಮುಂದುವರಿಸಿದ. "ಪುಷ್ಯ, ಆಶ್ಲೇಷಾ, ಮಘಾ..."

ಸತ್ಯಭಾಮಾಳ ಕಾಲು ತಾನಾಗಿಯೇ ಆಕ್ಸಿಲರೇಟರಿನಿಂದ ಮೇಲೆದ್ದಿತು. ಹಿಂದಿನ ಟ್ರಕ್ಕಿನವನು ಹಾರ್ನ್ ಬಾರಿಸಿದ. ಶನಿವಾರ ಮಧ್ಯಾಹ್ನವಾದರೂ 401 ಹೆದ್ದಾರಿಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡೇ ಓಡುತ್ತಿದ್ದವು. ಅವಳು ಮತ್ತೆ ವೇಗ ಹಿಡಿದು ಓರೆಗಣ್ಣಿನಲ್ಲಿ ಮಗನನ್ನು ನೋಡಿದಳು. ಅವನು ಸೀಟಿಗೆ ತಲೆ ಆನಿಸಿ, ಆರಾಮಾಗಿ ಹೇಳುತ್ತಲೇ ಇದ್ದ. ಮಘಾ ಆಯಿತು, ಹುಬ್ಬಾ ಆಯಿತು, ಉತ್ತರಾ ಆಯಿತು. ಮತ್ತೆ ಹಸ್ತ, ಚಿತ್ತಾ, ಸ್ವಾತಿಗೆ ಬಂದ. ಈ ಸಲ ವಿಶಾಖಾ ಸಿಕ್ಕಿತು. ಅಲ್ಲಿಂದ ಸರಾಗವಾಗಿ ರೇವತಿಯವರೆಗೆ ಹೋಗಿ ನಿಲ್ಲಿಸಿದ. ನಡುವೆ ಒಂದು ಸುತ್ತು ಹಿಂದಕ್ಕೆ ಹೋಗಿ ಬಂದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

"ಡನ್," ಅಂದ.

ಇದನ್ನು ಯಾರೂ ಭಕ್ತಿ ಗಿಕ್ತಿ ಅಂತ ತಿಳಿಯಬಾರದು. ತೇಜಸ್ವಿ ಆರು ವರ್ಷದವನಿದ್ದಾಗ ವಿಟ್ಬಿಯ ರಿಂಕಿನಲ್ಲಿ, ಮಂಜುಗಡ್ಡೆಯ ಅಂಗಳದಲ್ಲಿ, ಸಣ್ಣ ಮಕ್ಕಳಿಗೆ ಐಸ್ ಹಾಕಿ ಅಭ್ಯಾಸ ಬೆಳಕು ಹರಿಯುವ ಮುಂಚೆಯೇ ಇರುತ್ತಿತ್ತು. ಧಾರವಾಡದ ಮಾಳಮಡ್ಡಿಯಲ್ಲಿ ಬೆಳೆದ ಸತ್ಯಭಾಮಾ ಐಸ್ ಅನ್ನು ಕಂಡದ್ದು ಸೋಡಾ ಅಂಗಡಿಯಲ್ಲಿ. ಆ ಕತ್ತಲಲ್ಲಿ, ಆ ಹಿಮದಲ್ಲಿ ಗಾಡಿ ಓಡಿಸುವಾಗ ಅವಳಿಗೆ ತಡೆಯಲಾರದ ನಿದ್ದೆ. ಎಲ್ಲಾದರೂ ಗುದ್ದಿಸಿಬಿಟ್ಟೇನು ಅಂತ ಹೆದರಿ, ತಾನು ಎಚ್ಚರ ಇರಲಿಕ್ಕೆ ಮಗನ ಕೈಲಿ ಬಾಯಿಪಾಠ ಹೇಳಿಸಿದಳು. ದೀಪ ಹಚ್ಚುವ ಹೊತ್ತಿಗೆ ಕೈಕಾಲು ತೊಳೆಸಿ ಅವಳ ಅಜ್ಜಿ ಮನೆಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಹೇಳಿಸುತ್ತಿದ್ದದ್ದೇ: ವಾರ, ಮಾಸ, ನಕ್ಷತ್ರ. ವಾರ, ಮಾಸ ಹುಡುಗನ ತಲೆಯಲ್ಲಿ ನಿಲ್ಲಲಿಲ್ಲ. ನಕ್ಷತ್ರ ಮಾತ್ರ ಅಂಟಿಕೊಂಡಿತು.

ಹಾಕಿ ಆಡುವವರಿಗೆ ಒಂದೊಂದು ಹುಚ್ಚು. ಎಡಗಾಲಿನ ಸ್ಕೇಟು ಮೊದಲು ಹಾಕುವವನೊಬ್ಬ, ಗೆಲ್ಲುತ್ತಿರುವಷ್ಟು ದಿನ ಸಾಕ್ಸು ಒಗೆಯದವನೊಬ್ಬ. ತೇಜಸ್ವಿಯ ಹುಚ್ಚು ಇದು. ಮ್ಯಾಚಿಗೆ ಹೋಗುವಾಗ ಗಾಡಿಯಲ್ಲಿ ಅಮ್ಮನ ಪಕ್ಕ ಕೂತು ಒಂದೇ ಸಲ, ಅಶ್ವಿನಿಯಿಂದ ರೇವತಿವರೆಗೆ. ಫೋನಿನಲ್ಲಿ ಅಜ್ಜಿಗೆ "ಹಾಂ ಅಜ್ಜಿ, ಊಟ ಆತು" ಅಂದು ಓಡಿಹೋಗುವ ಹುಡುಗ, ಏನು ಕೇಳಿದರೂ ಅರ್ಧ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ, ಇಷ್ಟನ್ನು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಜ್ವರ ಬಂದಾಗಲೂ ತಪ್ಪಿರಲಿಲ್ಲ.

"ತೇಜು, ಇನ್ನೊಮ್ಮೆ ಹೇಳು."

"ವೈ? ಒಂದೇ ಸಲ. ದ್ಯಾಟ್ಸ್ ದ ರೂಲ್."

"ಸ್ವಾತಿ ಆದಮ್ಯಾಲೆ ಯಾವುದು?"

"ವಿಶಾಖಾ. ವಾಟ್ ಈಸ್ ದಿಸ್, ಅಮ್ಮಾ?"

"ನೀ ಪುಷ್ಯಕ್ಕ ಹೋದಿ."

"ನೋ, ಐ ಡಿಡಂಟ್." ಅವನು ನಕ್ಕ. ಆ ನಗುವಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಹಿಂದಿನ ಶನಿವಾರ ಸೆಮಿಫೈನಲ್ಲಿನಲ್ಲಿ ಎದುರಾಳಿಯೊಬ್ಬ ಅವನನ್ನು ರಿಂಕಿನ ಅಂಚಿನ ಗೋಡೆಗೆ ಬಡಿದಿದ್ದ. ಹೆಲ್ಮೆಟ್ಟಿನ ಸದ್ದು ಮೇಲಿನ ಸಾಲಿನಲ್ಲಿ ಕೂತಿದ್ದ ಸತ್ಯಭಾಮಾಳಿಗೂ ಕೇಳಿಸಿತ್ತು. ಎದ್ದು ನಿಂತ, ಕೈ ಎತ್ತಿ ತೋರಿಸಿದ, ಜನ ಚಪ್ಪಾಳೆ ತಟ್ಟಿದರು. ವಾರದ ನಡುವೆ, ಆಟಗಾರರ ಪೆಟ್ಟು ಗಾಯ ನೋಡಿಕೊಳ್ಳುವ ಟೀಮಿನ ಥೆರಪಿಸ್ಟ್ ಕಂಪ್ಯೂಟರಿನಲ್ಲಿ ತಲೆಯ ಪರೀಕ್ಷೆ ಮಾಡಿ ಆಡಬಹುದು ಅಂದಿದ್ದಳು. ಸೆಪ್ಟೆಂಬರಿನಲ್ಲಿ, ಸೀಸನ್ನಿನ ಶುರುವಿಗೆ, ತಲೆ ನೆಟ್ಟಗಿದ್ದಾಗ ಒಮ್ಮೆ ಪರೀಕ್ಷೆ, ಪೆಟ್ಟು ಬಿದ್ದ ಮೇಲೆ ಇನ್ನೊಮ್ಮೆ. ಎರಡೂ ಹೊಂದಿಕೆಯಾದರೆ ಸರಿ. ಹೊಂದಿಕೆಯಾಗಿತ್ತು.

ಈಗ ಅವಳಿಗೆ ಇನ್ನೊಂದೂ ಕಣ್ಣಿಗೆ ಬಿತ್ತು. ಆಕಾಶ ಮೋಡ ಕವಿದು ಬೂದಿ ಬಣ್ಣಕ್ಕಿತ್ತು. ಹುಡುಗ ಮಾತ್ರ ಅವಳ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ಅಷ್ಟು ಬೆಳಕೂ ಕಣ್ಣಿಗೆ ಚುಚ್ಚುತ್ತಿರಬೇಕು.

"ಖರೇ ಹೇಳು. ಕಂಪ್ಯೂಟರಿನ ಟೆಸ್ಟ್ ಹೆಂಗ ಪಾಸಾದಿ?"

ಅವನು ಕಿಟಕಿಯ ಕಡೆ ತಿರುಗಿದ. "ಸೆಪ್ಟೆಂಬರ್‌ದು ನಿಧಾನ ಮಾಡಿದ್ದೆ. ಬೇಕಂತ. ಎವ್ರಿಬಡಿ ಡಸ್, ಅಮ್ಮಾ. ಇಲ್ಲಾಂದ್ರೆ ಸಣ್ಣ ಪೆಟ್ಟಿಗೂ ಆಡಿಸದೆ ಕೂರಿಸ್ತಾರೆ."

ಸತ್ಯಭಾಮಾ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಹೋಲಿಸಬೇಕಾದ ಮೂಲವೇ ಸುಳ್ಳಾದರೆ ಏನಾಗುತ್ತದೆ ಅಂತ ಅವಳಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ತಲೆ ಪೆಟ್ಟಿನ ಬಗ್ಗೆ ವಾರವಿಡೀ ಓದಿದ್ದೂ ನೆನಪಿಗೆ ಬಂತು. ಇನ್ನೂ ವಾಸಿಯಾಗದ ಮಿದುಳಿಗೆ ಎರಡನೇ ಪೆಟ್ಟು ಬಿದ್ದರೆ ಹುಡುಗರು ಅಲ್ಲೇ ಐಸಿನ ಮೇಲೆ ಕುಸಿದು ಮತ್ತೆ ಏಳದೆ ಹೋದದ್ದುಂಟು.

"ಪ್ಲೀಸ್ ಅಮ್ಮಾ." ಏನಾದರೂ ಬೇಕಾದಾಗ ಅವನ ಕನ್ನಡ ಜಾಸ್ತಿಯಾಗುತ್ತಿತ್ತು. "ಇದೊಂದ ಮ್ಯಾಚ್. ಫೈನಲ್. ಕಾಲೇಜಿನಾಗ ಲಾಸ್ಟ್ ಇಯರ್ ನಂದು. ಆಮೇಲೆ ನೀ ಹೇಳ್ದಂಗ ಕೇಳ್ತೀನಿ."

ಅವಳು ಮುಂದಿನ ರಸ್ತೆ ನೋಡುತ್ತಾ ಗಾಡಿ ಓಡಿಸಿದಳು. ಅವನು ಅದನ್ನೇ ಒಪ್ಪಿಗೆ ಅಂದುಕೊಂಡ. ರೆಕ್ಸ್‌ಡೇಲಿನ ಗೋಡೌನುಗಳನ್ನು ದಾಟಿದ ಮೇಲೆ ಅವನ ಕಾಲೇಜಿನ ರಿಂಕ್ ಬಂತು. ಬ್ಯಾಗು ಹೆಗಲಿಗೇರಿಸಿ, ಅಮ್ಮನ ತಲೆಗೊಂದು ಮುತ್ತು ಕೊಟ್ಟು ಒಳಗೆ ಹೋದ.

ಕಾರಿಡಾರಿನ ಗೋಡೆಯ ಮೇಲೆ ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಆಡಿದ ಟೀಮಿನ ದೊಡ್ಡ ಫೋಟೋ. ಸೈನ್ಯದಿಂದ ವಾಪಸು ಬಂದು ಕಾಲೇಜು ಸೇರಿದ ಹುಡುಗರಂತೆ. ದಪ್ಪ ಉಣ್ಣೆಯ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಒಬ್ಬನ ತಲೆಯ ಮೇಲೂ ಹೆಲ್ಮೆಟ್ಟಿಲ್ಲ. ಆ ವರ್ಷ ಕಪ್ ಗೆದ್ದದ್ದೇ ಕಡೆ, ಆಮೇಲೆ ಈ ಕಾಲೇಜು ಫೈನಲ್ಲಿನ ಮುಖ ನೋಡಿರಲಿಲ್ಲ. ಈ ಸಲವೂ ಅಕ್ಟೋಬರಿನಲ್ಲಿ ಸೋತು ಸೋತು ಸುಣ್ಣವಾಗಿದ್ದ ಟೀಮು. ಕ್ರಿಸ್‌ಮಸ್ ಕಳೆದದ್ದೇ ತಡ, ಏನು ಗಾಳಿ ಬೀಸಿತೋ, ಗೆಲ್ಲಲು ಹತ್ತಿತು. ಇವತ್ತು ಹುಡುಗರಿಗೆಲ್ಲ ಆ ಹಳೆಯ ಅಂಗಿಯದೇ ಬಣ್ಣದ, ಅದೇ ಪಟ್ಟಿಯ ಅಂಗಿ ಹೊಲಿಸಿದ್ದರು.

ಗಂಡ ಪ್ರಹ್ಲಾದ ಮುಂಚೆಯೇ ಬಂದು ಸೀಟು ಹಿಡಿದಿದ್ದ. ಪಕ್ಕದಲ್ಲಿ ಕನ್ನಡ ಸಂಘದ ಮಧುಸೂದನ್, ಮಡಿಲಲ್ಲಿ ಕೆಂಪು ಹಳದಿ ಬಾವುಟ. ಜಾರ್ಜ್‌ಟೌನಿನಿಂದ ಒಂದು ವ್ಯಾನಿನ ತುಂಬ ಜನರನ್ನು ಕರಕೊಂಡು ಬಂದಿದ್ದರು. "ನಮ್ಮ ಹುಡುಗ ಇವತ್ತು ಕಪ್ ಎತ್ತೇ ಎತ್ತುತ್ತಾನೆ, ಬರೆದಿಟ್ಕೊಳ್ಳಿ," ಅಂದರು. ಸತ್ಯಭಾಮಾ ಗಂಡನನ್ನು ಮೆಟ್ಟಿಲ ಹತ್ತಿರ ಕರೆದು ಎಲ್ಲ ಹೇಳಿದಳು.

ಪ್ರಹ್ಲಾದ ಮೈಸೂರಿನವನು, ಇಂಜಿನಿಯರು. ರಿಪೋರ್ಟಿನಲ್ಲಿ ಸರಿ ಅಂತ ಬಂದರೆ ಅವನಿಗೆ ಸರಿ. "ನಕ್ಷತ್ರ ತಪ್ಪಿತು ಅಂತ ಯಾರಾದ್ರೂ ಫೈನಲ್ ಬಿಡ್ತಾರಾ ಭಾಮಾ? ನಂಗೇ ಬರಲ್ಲ ಇಪ್ಪತ್ತೇಳೂ."

"ನಿಮಗ ಬರೂದಿಲ್ಲ. ಅವಗ ಬರ್ತದ."

"ಮೊದಲ ಟೆಸ್ಟು ಎಲ್ಲ ಹುಡುಗ್ರೂ ಹಾಗೇ ಮಾಡ್ತಾರೆ ಅಂತ ಅವನೇ ಹೇಳಿದಾನಲ್ಲ. ಅವರೆಲ್ಲ ಆಡ್ತಿಲ್ವಾ?" ಅಂದ. ಆದರೆ ದನಿ ಇಳಿದಿತ್ತು. ಹತ್ತಿರ ಸರಿದು, "ನೋಡು, ನೀನು ಹೋಗಿ ನಿಲ್ಲಿಸಿದ್ರೆ ಅವನು ಜನ್ಮದಲ್ಲಿ ನಿನ್ನ ಮಾತಾಡಿಸಲ್ಲ. ಅದನ್ನೂ ಯೋಚನೆ ಮಾಡು," ಅಂದ.

ಅದನ್ನೇ ಅವಳು ದಾರಿಯುದ್ದಕ್ಕೂ ಯೋಚಿಸಿದ್ದು. ಇರುವವನೊಬ್ಬನೇ ಮಗ. ಇಂಗ್ಲಿಷಿನವನಾಗಿ ಬೆಳೆದ ಮಗನಿಗೂ ಅವಳಿಗೂ ನಡುವೆ ಉಳಿದಿದ್ದ ಸಲುಗೆಯೆಲ್ಲ ಆ ಗಾಡಿಯಲ್ಲಿತ್ತು, ರಿಂಕಿನ ದಾರಿಯಲ್ಲಿತ್ತು. ಅದನ್ನೂ ಕಳಕೊಂಡರೆ ಏನು ಗತಿ? ಸುಮ್ಮನೆ ಹೋಗಿ ಕೂತುಬಿಡಲೇ, ದೇವರ ಮೇಲೆ ಭಾರ ಹಾಕಲೇ ಅಂದುಕೊಂಡಳು. ಕೆಳಗೆ ಐಸಿನ ಮೇಲೆ ಯಂತ್ರ ಸುತ್ತು ಹಾಕಿ ನುಣ್ಣಗೆ ಮಾಡುತ್ತಿತ್ತು. ಆ ಬಿಳಿಯ ಸುತ್ತ ನಿಂತಿದ್ದ ಗಟ್ಟಿ ಗೋಡೆಯನ್ನು ನೋಡಿದಳು. ತಿರುಗಿ ಮೆಟ್ಟಿಲಿಳಿದಳು.

ಥೆರಪಿಸ್ಟ್ ಮೂವತ್ತರ ಒಳಗಿನ ಹೆಣ್ಣುಮಗಳು. ಸಣ್ಣ ಕೋಣೆಯಲ್ಲಿ ಯಾರದೋ ಮಣಿಕಟ್ಟಿಗೆ ಟೇಪು ಸುತ್ತಿ ಕಳಿಸುತ್ತಿದ್ದಳು. ಸತ್ಯಭಾಮಾ ನಕ್ಷತ್ರದ ಕಥೆ ಹೇಳಿದಳು. ಸೆಪ್ಟೆಂಬರಿನ ಪರೀಕ್ಷೆಯ ಸುದ್ದಿ ಎತ್ತಲಿಲ್ಲ. ಅದನ್ನು ಹೇಳಿದರೆ ಅರ್ಧ ಟೀಮೇ ಸಿಕ್ಕಿಬೀಳುತ್ತದೆ, ಮಗ ಚಾಡಿಕೋರನಾಗುತ್ತಾನೆ. ಹೇಳುತ್ತಾ ಹೇಳುತ್ತಾ ತನಗೇ ಇದು ಹುಚ್ಚರ ಮಾತಿನಂತೆ ಕೇಳಿಸಿತು. ಆ ಹುಡುಗಿ ಮಾತ್ರ ನಗಲಿಲ್ಲ. ತೇಜಸ್ವಿಯನ್ನು ಕರೆಸಿದಳು.

ಅವನು ಬಂದ. ಸ್ಕೇಟು ಕಟ್ಟಿಕೊಂಡಾಗಿತ್ತು, ಮೇಲೆ ಆ ಹಳೆಯ ಬಣ್ಣದ ಹೊಸ ಅಂಗಿ. ಅಮ್ಮನನ್ನು ಕಂಡದ್ದೇ ಅವನ ಮುಖ ಬಿಳಚಿಕೊಂಡಿತು.

"ನಿನ್ನಮ್ಮನ ಮುಂದೆ ಹೇಳುತ್ತೀಯಂತಲ್ಲ, ಆ ನಕ್ಷತ್ರಗಳ ಹೆಸರು. ನನಗೊಮ್ಮೆ ಹೇಳು," ಅಂದಳು ಥೆರಪಿಸ್ಟ್ ಇಂಗ್ಲಿಷಿನಲ್ಲಿ.

ತೇಜಸ್ವಿ ಅಮ್ಮನ ಕಡೆಗೆ ತಿರುಗಲಿಲ್ಲ. ಎದುರಿನ ಗೋಡೆ ನೋಡುತ್ತಾ ಶುರು ಮಾಡಿದ. ಅಶ್ವಿನಿ, ಭರಣಿ, ಕೃತ್ತಿಕಾ. ಒಂದು ತೊದಲಿಲ್ಲ, ಒಂದು ತಡವರಿಕೆಯಿಲ್ಲ. ಪುಷ್ಯ, ಆಶ್ಲೇಷಾ, ಮಘಾ. ಸತ್ಯಭಾಮಾ ಸೆರಗಿನಂತೆ ಕೊರಳಿಗೆ ಸುತ್ತಿದ್ದ ಶಾಲನ್ನು ಬಿಗಿಯಾಗಿ ಹಿಡಿದಿದ್ದಳು. ಸರಿಯಾಗಿ ಹೇಳಿಬಿಡಲಿ ನನ್ನಪ್ಪಾ, ನಾನೇ ಸುಳ್ಳಾಗಲಿ ಅಂತ ಮನಸ್ಸು ಬೇಡುತ್ತಿತ್ತು. ಸ್ವಾತಿ ಬಂತು. ವಿಶಾಖಾ ಬಂತು. ಅವಳು ಉಸಿರು ಬಿಟ್ಟಳು. ಅನುರಾಧಾ, ಜ್ಯೇಷ್ಠಾ, ಮೂಲಾ.

"ಆರ್ದ್ರಾ, ಪುನರ್ವಸು, ಪುಷ್ಯ," ಅಂದ ತೇಜಸ್ವಿ.

ಅದೇ ಸ್ವರ, ಅದೇ ಲಯ. ಮತ್ತೊಂದು ಸುತ್ತು ಹಾಕಿ ರೇವತಿಗೆ ಬಂದು ನಿಂತ. ಗೆದ್ದವನ ಹಾಗೆ ಗಲ್ಲ ಮೇಲೆತ್ತಿ ಥೆರಪಿಸ್ಟಳನ್ನು ನೋಡಿದ. ಆಕೆಗೆ ಏನು ತಿಳಿಯಬೇಕು ಪಾಪ. ಇಷ್ಟು ನಿರರ್ಗಳವಾಗಿ ಹೇಳಿದ್ದು ತಪ್ಪಿರಲಾರದು ಅನ್ನಿಸಿರಬೇಕು, ಮುಖ ಸಡಿಲಾಗಿತ್ತು. ಸತ್ಯಭಾಮಾಳ ಕಡೆ ತಿರುಗಿ ಕೇಳಿದಳು, "ಸರಿಯಾಗಿ ಹೇಳಿದನೆ?"

ಈ ರಿಂಕಿನ ಸಾವಿರಾರು ಜನರಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ಅವಳೊಬ್ಬಳೇ. ಹೂಂ ಅಂದರೆ ಮುಗಿಯಿತು. ಮಗ ಓಡುತ್ತಾನೆ, ಬಾವುಟ ಹಾರುತ್ತದೆ, ಗಂಡ ನಗುತ್ತಾನೆ.

ತೇಜಸ್ವಿ ಈಗ ಅವಳನ್ನು ನೋಡಿದ. "ಹೇಳಮ್ಮಾ," ಅಂದ. "ಸರಿ ಹೇಳಿದೆ ಅಲ್ಲಾ?"

ಅವನು ಬೇಡುತ್ತಿರಲಿಲ್ಲ. ಖಂಡಿತ ಸರಿ ಹೇಳಿದ್ದೇನೆ ಅಂತ ನಂಬಿ ಕೇಳುತ್ತಿದ್ದ.

"ಇಲ್ಲ, ತೇಜು," ಅಂದಳು ಸತ್ಯಭಾಮಾ. ಥೆರಪಿಸ್ಟಳಿಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದಳು.

"ಯೂ'ರ್ ಲೈಯಿಂಗ್," ಅಂದ ಅವನು. ಮತ್ತೆ ಹೇಳಲು ಹೊರಟ, ತುಟಿ ಆಡಿತು. ಅಶ್ವಿನಿ, ಭರಣಿ... ಬೆರಳು ಮಡಚುತ್ತಾ ಹೋದ. ಎಲ್ಲೋ ಒಂದು ಕಡೆ ಬೆರಳು ನಿಂತಿತು. ಹಿಂದಕ್ಕೆ ಹೋದ, ಮತ್ತೆ ಬಂದ, ಮತ್ತೆ ಅಲ್ಲೇ ನಿಂತ. ಅವನ ಕಣ್ಣಲ್ಲಿ ಹೆದರಿಕೆ ಇಳಿಯುವುದನ್ನು ಇಬ್ಬರು ಹೆಂಗಸರೂ ನೋಡಿದರು. ಥೆರಪಿಸ್ಟ್ ಮೆಲ್ಲಗೆ ಅವನ ಭುಜ ಮುಟ್ಟಿ, ಇವನು ಆಡುವಂತಿಲ್ಲ ಅಂತ ಕೋಚಿಗೆ ಹೇಳಲು ಹೊರಗೆ ಹೋದಳು.

ತೇಜಸ್ವಿ ಬೆಂಚಿನ ಮೇಲೆ ಕೂತ. ಸ್ಕೇಟಿನ ಲೇಸು ಬಿಚ್ಚಲು ಬಗ್ಗಿದವನು ತಲೆ ಸುತ್ತಿದಂತಾಗಿ ಅರ್ಧಕ್ಕೇ ತಡೆದು, ಬೆಂಚಿನ ಅಂಚನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ. ಸತ್ಯಭಾಮಾ ಅವನ ಮುಂದೆ ನೆಲದ ಮೇಲೆ ಕೂತಳು. ಅವನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅವನು ಕಾಲು ಎಳೆದುಕೊಳ್ಳಲಿಲ್ಲ. ಗಂಟು ಬಿಗಿಯಾಗಿತ್ತು. ಹೊರಗೆ ಟೀಮು ಐಸಿಗಿಳಿದಿರಬೇಕು, ಜನರ ಕೂಗಿಗೆ ಕೋಣೆಯ ಬಾಗಿಲು ಅದುರಿತು. ಅವಳು ತಲೆ ಎತ್ತದೆ ಉಗುರಿನಿಂದ ಗಂಟನ್ನು ಸಡಿಲ ಮಾಡುತ್ತಾ ಕೂತಳು.